ಹತ್ತು ಸೆಕೆಂಡು ಉಳಿದಾಗ

ಮ್ಹಾಪಸಾ ಪೇಟೆ ಮಧ್ಯಾಹ್ನದ ನಿದ್ದೆಗೆ ಜಾರಿತ್ತು. ಒಂದರಿಂದ ನಾಲ್ಕರವರೆಗೆ ಇಲ್ಲಿ ಏನು ಬೇಕೆಂದರೂ ಮಾರುವವರು ಸಿಗುವುದಿಲ್ಲ. ಪಂಚಾಕ್ಷರಿಯವರ ಹಗ್ಗ-ತಾಡಪತ್ರಿ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಮುಂದೆ ನೆರಳಿಗೆಂದು ಕಟ್ಟಿದ್ದ ನೀಲಿ ತಾಡಪತ್ರಿಯನ್ನು ಹಾದು ಬಂದ ಬಿಸಿಲು ಒಳಗೆಲ್ಲ ನೀಲಿಯಾಗಿ, ಕೆರೆಯ ತಳದ ಬೆಳಕಿನಂತೆ ನಿಂತಿತ್ತು. ಆ ಬೆಳಕಿನಲ್ಲಿ ಪಂಚಾಕ್ಷರಿಯವರ ಮಗಳು ಮಲ್ಲಿಕಾ ಲ್ಯಾಪ್‌ಟಾಪ್ ಮುಂದೆ ಕೂತು ಒಬ್ಬನ ಸೋಲನ್ನು ನಲವತ್ತೊಂದನೆಯ ಸಲ ನೋಡುತ್ತಿದ್ದಳು.

ಸೋತವನು ಪರಶು. ಬಾಯ್ನಾದ ಹುಡುಗ, ವಾಸ್ಕೋ ಬಂದರಿನಲ್ಲಿ ಹಮಾಲ. ಮೂರು ತಿಂಗಳ ಹಿಂದೆ ಬಾಕ್ಸಿಂಗ್ ಫೈನಲಿನಲ್ಲಿ ಮಡಗಾಂವಿನ ಅನಿಲನ ಎದುರು, ಐವರು ಜಡ್ಜ್‌ಗಳಲ್ಲಿ ಇಬ್ಬರ ಒಲವು ಪಡೆದು ಮೂವರದನ್ನು ಕಳೆದುಕೊಂಡಿದ್ದ. ಬರುವ ರವಿವಾರ ಅದೇ ಇಬ್ಬರ ಮರುಪಂದ್ಯ. ಪರಶುವಿನ ಕೋಚ್ ಗೌಸಸಾಬ ಈ ಅಂಗಡಿಯ ಹಳೆಯ ಗಿರಾಕಿ. ಆ ಫೈನಲಿಗೆ ಮುಂಚೆ, ಕೌಂಟರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ ಹುಡುಗಿ ಇದ್ದಾಳೆಂದು ತಿಳಿದ ದಿನವೇ ಅವಳ ಕೈಗೆ ಕ್ಯಾಮೆರಾ ಕೊಟ್ಟು, "ಗ್ಯಾಲರ್‍ಯಾಗ ನಿಂತು ವಿಡಿಯೋ ಮಾಡವಾ, ಆಮ್ಯಾಲೆ ಗುದ್ದು ಎಣಿಸು," ಎಂದಿದ್ದರು.

ಅವಳು ಎಣಿಸಿದಳು. ಎಷ್ಟು ಗುದ್ದು, ಯಾವ ಕೈ, ಎಷ್ಟು ತಾಗಿದವು, ಎಷ್ಟು ಗಾಳಿಗೆ ಹೋದವು. ಲೆಕ್ಕ ನೋಡಲು ಪರಶು ವಾರಕ್ಕೊಮ್ಮೆ ಬಸ್ ಹಿಡಿದು ಬರತೊಡಗಿದ. ಅಂಕಿಗಳನ್ನು ನೋಡುವುದಕ್ಕಿಂತ, ಅವುಗಳ ಮೇಲೆ ಓಡಾಡುವ ಅವಳ ಬೆರಳನ್ನೇ ಹೆಚ್ಚು ನೋಡುತ್ತಿದ್ದ. ಹೋದ ವಾರ ಬಸ್ಸಿಗೆ ಹೊರಟವನು, ಚಪ್ಪಲಿ ಮೆಟ್ಟುತ್ತಾ, ನೆಲಕ್ಕೆ ಹೇಳುವಂತೆ ಹೇಳಿದ್ದ: "ಗೆದ್ರ ಸೋಮವಾರ ಅವ್ವನ್ನ ಕರ್ಕೊಂಡ ನಿಮ್ಮ ಮನಿಗೆ ಬರ್ತೇನ್ರಿ."

"ಸೋತರೆ?" ಎಂದು ಅವಳು ಕೇಳುವಷ್ಟರಲ್ಲಿ ಅವನು ಬಸ್ಸಿನತ್ತ ಓಡಿಯಾಗಿತ್ತು. ಅಂದಿನಿಂದ ಆ ಪಂದ್ಯದ ಒಂದೊಂದು ಗುದ್ದೂ ಅವಳ ಎದೆಯ ಹತ್ತಿರವೇ ಬೀಳುತ್ತಿತ್ತು.

ಇವತ್ತು ಕೋಚ್, ಪರಶು ಇಬ್ಬರೂ ಬಂದಿದ್ದರು. ಪರಶು ಒಳಗೆ ಕೌಂಟರಿನ ಪಕ್ಕ ನಿಂತಿದ್ದ. ಗೌಸಸಾಬ ಹೊರಗೆ ತೆಂಗಿನ ನಾರಿನ ಹಗ್ಗದ ಸುರುಳಿಯ ಮೇಲೆ ಕೂತು, ಟೋಪಿ ಮುಖಕ್ಕೆಳೆದುಕೊಂಡಿದ್ದರು.

"ಹೇಳವಾ ಮಲ್ಲಿಕಾ, ನಮ್ಮ ಪರಶ್ಯಾ ಗೆಲ್ತಾನೋ ಇಲ್ಲೋ?" ಟೋಪಿಯ ಒಳಗಿಂದ ಮಾತು ಬಂತು.

"ಇನ್ನೊಂದು ಸಾಲು ಉಳದೈತಿ, ಕಾಕಾ."

"ಒಂದ್ ಸಾಲಿಗೆ ಎಂಟ್ ದಿನ? ನಾ ಮಲಗತೇನಿ. ಮುಗದ ಮ್ಯಾಲೆ ಎಬ್ಬಸ್ರಿ."

ಆ ಸಾಲನ್ನು ಅವಳು ಬೇಕೆಂದೇ ಅಡಗಿಸಿಟ್ಟಿದ್ದಳು. ಪ್ರತಿ ರೌಂಡಿನಲ್ಲೂ ಹತ್ತು ಸೆಕೆಂಡು ಉಳಿದಾಗ ಟೈಮ್‌ಕೀಪರ್ ಹಲಗೆಯನ್ನು ಖಟ್ ಖಟ್ ಎಂದು ಬಡಿಯುತ್ತಾನೆ. ಮೂರೂ ರೌಂಡಿನಲ್ಲಿ, ಸರಿಯಾಗಿ ಆ ಗಳಿಗೆಗೆ, ಪರಶುವಿನ ಎಡಗೈ ಕೆಳಗಿಳಿದು ಮುಖ ಮೇಲಕ್ಕೆ ಎದ್ದಿತ್ತು. ಮೂರೂ ಸಲ ಅನಿಲ ಬಿಡದೆ ಬಾರಿಸಿದ್ದ. ಮೇಲೆ ಇದ್ದದ್ದು ಗ್ಯಾಲರಿ. ಗ್ಯಾಲರಿಯಲ್ಲಿ ಇದ್ದವಳು ಕ್ಯಾಮೆರಾ ಹಿಡಿದ ಮಲ್ಲಿಕಾ. ಪರದೆಯಲ್ಲಿ ಅವನ ಕಣ್ಣು ನೇರ ಅವಳೊಳಗೇ ಇಳಿಯುತ್ತಿತ್ತು. ಅಳೆಯಲು ನಿಂತವಳೇ ಅಳತೆಯನ್ನು ಕೆಡಿಸಿದ್ದಳೆ? ಸಂತೋಷಪಡಬೇಕೋ ಅಪರಾಧ ಒಪ್ಪಿಕೊಳ್ಳಬೇಕೋ ಅವಳಿಗೆ ತಿಳಿದಿರಲಿಲ್ಲ. ಆದರೆ ಇದನ್ನು ಮುಚ್ಚಿಟ್ಟರೆ ರವಿವಾರವೂ ಅವನು ಅಲ್ಲೇ ಪೆಟ್ಟು ತಿನ್ನುತ್ತಾನೆ.

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. "ಇಲ್ಲಿ ಏನು ನೋಡಾಕತ್ತೀರಿ?"

ಅವನು ಬಾಗಿ ನೋಡಿದ. ಬೆವರು ಮತ್ತು ಕೊಬ್ಬರಿ ಎಣ್ಣೆಯ ವಾಸನೆ ಬಂತು. ನಾಚಿ ನಕ್ಕ.

"ಲೋಡ್ ನೋಡಾಕತ್ತೇನ್ರಿ."

"ಏನು?"

"ನಮ್ಮ ಗ್ಯಾಂಗಿನ್ಯಾಗ ಕ್ರೇನ್ ಲೋಡ್ ಎತ್ತೂಮುಂದ ಖಟ್ ಖಟ್ ಅಂತ ರಾಡ್ ಬಡೀತಾರ್ರಿ. ಕೈಯಾಗಿಂದ ಬಿಟ್ಟು ಮ್ಯಾಲೆ ನೋಡಬೇಕು. ನೋಡ್ಲಿಲ್ಲಂದ್ರ ತಲಿ ಉಳ್ಯಾಂಗಿಲ್ಲ. ಏಳು ವರ್ಷದ ರೂಢಿ. ಹಲಗಿ ಸಪ್ಪಳಕ್ಕೂ ಕುತ್ತಿಗಿ ತಾನ ಎದ್ದೈತಿ."

"ಓ," ಎಂದಳು ಮಲ್ಲಿಕಾ. ಸಮಾಧಾನವಾಯಿತು. ಸಮಾಧಾನದ ಬೆನ್ನಿಗೇ, ಯಾವುದೋ ಹಗುರವಾದದ್ದು ಕೈಜಾರಿ ಬಿದ್ದಂತೆಯೂ ಆಯಿತು. ಅವಳು ಕಾಲಂ ಸರಿಪಡಿಸುವವಳಂತೆ ಕೀಲಿಗಳನ್ನು ಒತ್ತಿದಳು.

"ಎರಡು ಸಲ ಅಷ್ಟ," ಎಂದ ಪರಶು ಮೆಲ್ಲಗೆ. "ಮೂರನೇ ಸಲ ಮ್ಯಾಲೆ ಲೋಡ್ ಇಲ್ಲಂತ ನನಗ ಗೊತ್ತಿತ್ತು."

ಅವಳ ಬೆರಳು ಕೀಲಿಯ ಮೇಲೇ ನಿಂತಿತು. ನೀಲಿ ಬೆಳಕು ಅವನ ಹುಬ್ಬಿನ ಹಳೆಯ ಗಾಯದ ಮೇಲೆ, ಅವಳ ಬಳೆಗಳ ಮೇಲೆ ಒಂದೇ ಅಲೆಯಾಗಿ ತೂಗಿತು. ಹೊರಗೆ ಗೌಸಸಾಬರ ಗೊರಕೆ ಒಮ್ಮೆ ತಡೆದು ಮತ್ತೆ ಸಾಗಿತು.

"ಈಗ ಹೇಳ್ರಿ. ಗೆಲ್ತೇನೇನು?"

ಸುಳ್ಳು ಹೇಳುವುದು ಸುಲಭವಿತ್ತು. "ಹತ್ತಕ್ಕ ನಾಕು," ಎಂದಳು. "ರೂಢಿ ಮೂರ ದಿನದಾಗ ಹೋಗಾಂಗಿಲ್ಲ. ನಾನು ಗ್ಯಾಲರಿಗೆ ಬರದಿದ್ರ, ಐದು."

ಅವನು ಕೈಗೆ ಸುತ್ತಿದ್ದ ಬಟ್ಟೆಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. "ಹಂಗಾರ ಸೋಮವಾರದ ಮಾತು ಬಿಡ್ರಿ. ನಾ ಪೋರ್ಟಿನ ಹಮಾಲ. ಕೊಳ್ಳಾಗೊಂದು ಮೆಡಲ್ ಇದ್ರ ನಿಮ್ಮ ಅಪ್ಪಾರ ಮುಂದ ನಿಲ್ಲಾಕ ಧೈರ್ಯ ಬರ್ತಿತ್ತು."

"ನಾನೇನು ಕಪ್ ಏನ್ರಿ, ಗೆದ್ದವರಿಗೆ ಕೊಡಾಕ?"

ಅವನು ತಲೆ ಎತ್ತಿದ. ಅವಳ ದನಿ ಏರಿರಲಿಲ್ಲ. ಕಣ್ಣು ಮಾತ್ರ ಕೆಂಪಾಗಿತ್ತು.

"ಮೂರು ಜಡ್ಜ್ ಅನಿಲ್ ಅಂದ್ರ ನನ್ನ ಮದುವಿ ಇಲ್ಲ, ಪರಶು ಅಂದ್ರ ಐತಿ. ನನ್ನನ್ನ ಯಾರರ ಕೇಳ್ಯಾರೇನು?"

ಪರಶು ಪಟ್ಟಿ ಸುತ್ತುವುದನ್ನು ಬಿಟ್ಟ. ಕೈಪಟ್ಟಿಯ ತುದಿ ನೆಲಕ್ಕೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

"ಕೇಳಾಕತ್ತೇನ್ರಿ," ಎಂದ.

"ಹಂಗಾರ ಶನಿವಾರ ಅವ್ವನ್ನ ಕರ್ಕೊಂಡ ಮನಿಗೆ ಬರ್ರಿ. ಪಂದ್ಯದ ಮೊದಲ. ಗೆದ್ದವರಂತನೂ ಅಲ್ಲ, ಸೋತವರಂತನೂ ಅಲ್ಲ."

"ನಿಮ್ಮ ಅಪ್ಪಾರು ಏನಂತಾರ? ಅದರ ಲೆಕ್ಕ ಹಾಕೀರೇನು?"

"ಅದಕ್ಕ ಹಳೇ ಪಂದ್ಯದ ವಿಡಿಯೋ ಇಲ್ರಿ." ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ನೀವು ಬಂದ ಮ್ಯಾಲೇ ಗೊತ್ತಾಗೋದು. ಐದಕ್ಕ ಬರ್ರಿ, ಅವರು ಚಾ ಕುಡ್ಯೋ ಹೊತ್ತು."

ಅವನು ತಲೆಯಾಡಿಸಿದ. ಶಟರಿನ ಕೆಳಗೆ ಬಗ್ಗಿ ಹೊರಬಿದ್ದವನು ಮತ್ತೆ ಬಗ್ಗಿ ಒಳಗೆ ಇಣುಕಿದ.

"ಅವ್ವ ನಿಮ್ಮಂಥಾ ದೊಡ್ಡ ಮನ್ಯಾಗ ಕುಂತಾಕಿ ಅಲ್ರಿ. ಭಾಳ ಅಂಜ್ತಾಳ. ನೀವು ಎಲ್ಲಿ ಕುಂದರ್ತೀರಿ?"

"ನಿಮ್ಮವ್ವನ ಬಾಜೂಕ," ಎಂದಳು ಮಲ್ಲಿಕಾ.