ಕುಂಕುಮ ಹಚ್ಚಿದ ಟೇಪು

1999ರ ನವೆಂಬರ್ 2, ಮಂಗಳವಾರ ಬೆಳಿಗ್ಗೆ ದೂರು ಕೊಡಲು ಹರಿಹರ ಠಾಣೆಗೆ ಬಂದ ಅನ್ನಪೂರ್ಣಮ್ಮನವರ ಸೆರಗಿನ ತುದಿ ಗಂಡ ಕೊಟ್ಟೂರೇಶನ ಬಲಗೈಗೆ ಕಟ್ಟಿತ್ತು.

“ಗಂಟು ಬಿಚ್ರಿ ಅಮ್ಮಾ, ಇದು ಠಾಣೆ,” ಎಂದ ಹೆಡ್ ಕಾನ್‌ಸ್ಟೆಬಲ್ ಓಬಯ್ಯ.

“ಬಿಚ್ಚಂಗಿಲ್ರಿ. ಮೊನ್ನೆ ಸ್ನಾನಕ್ಕೆ ಅಂತ ಬಿಚ್ಚಿದ್ದೆ. ಇವ್ರು ಹೊಳೆಗೆ ಹಾರಾಕೆ ಸೇತುವೆ ಹತ್ತಿದ್ರು. ಮೀನು ಹಿಡಿಯೋರು ನೋಡಿದ್ದಕ್ಕೆ ಉಳದಾರೆ.”

ಕೊಟ್ಟೂರೇಶ್ ತಲೆ ಎತ್ತಲಿಲ್ಲ. ಊರ ಹೊರಗಿನ ಯಂತ್ರ ಕಾರ್ಖಾನೆಯಲ್ಲಿ ಆತ ನಿರ್ವಹಣಾ ಎಂಜಿನಿಯರ್. ಅಕ್ಟೋಬರ್ 25ರಂದು ಅಲ್ಲಿನ ಕ್ರೇನಿನ ಸರಪಳಿ ತುಂಡಾಗಿ ಉಚ್ಚೆಂಗಪ್ಪನೆಂಬ ಕಾರ್ಮಿಕ ಸತ್ತಿದ್ದ. ನಿರ್ಲಕ್ಷ್ಯದಿಂದ ಸಾವು ಎಂದು ಇದೇ ಠಾಣೆಯಲ್ಲಿ ಕೊಟ್ಟೂರೇಶನ ಮೇಲೆ ಎಫ್‌ಐಆರ್ ಆಗಿತ್ತು. ಜಾಮೀನು ಸಿಕ್ಕಿತ್ತು, ಕೆಲಸದಿಂದ ಅಮಾನತು ಮಾಡಿದ್ದರು.

ಹೊಸ ದೂರಿನ ಸಾರಾಂಶ ಇಷ್ಟು: ಸರಪಳಿ ಬಿರುಕು ಬಿಟ್ಟಿದೆ, ಕ್ರೇನ್ ನಿಲ್ಲಿಸಲು ಅನುಮತಿ ಕೊಡಿ ಎಂದು ಕೊಟ್ಟೂರೇಶ್ ಅಕ್ಟೋಬರ್ 16ರ ಶನಿವಾರವೇ ಮ್ಯಾನೇಜರ್ ವಾಮದೇವಪ್ಪನವರಿಗೆ ಇ-ಮೇಲ್ ಕಳಿಸಿದ್ದ. ಅವರ ಆದೇಶವಿಲ್ಲದೆ ಕ್ರೇನ್ ನಿಲ್ಲಿಸುವಂತಿಲ್ಲ. ಅಪಘಾತದ ಮರುದಿನ ಆ ಮೇಲ್ ತೆಗೆಯಲು ಹೋದರೆ ಅವನ ಮೇಲ್ ಪೆಟ್ಟಿಗೆಯೇ ಖಾಲಿ.

“ನನ್ನ ಮಾತು ನಂಬಬ್ಯಾಡ್ರಿ ಸಾರ್,” ಎಂದ ಕೊಟ್ಟೂರೇಶ್. “ದಿನಾ ಸಂಜೆ ಸರ್ವರಿನ ನಕಲು ಟೇಪಿಗೆ ಹೋಗ್ತೈತೆ. ಟೇಪ್ ನೋಡ್ರಿ.”

ಇನ್ಸ್‌ಪೆಕ್ಟರ್ ಅಂಜನ್ ಕುಮಾರ್ ಇ-ಮೇಲ್ ಎಂಬುದನ್ನು ಪತ್ರಿಕೆಯಲ್ಲಿ ಓದಿದ್ದರು, ಕಂಡಿರಲಿಲ್ಲ. ಕಂಪ್ಯೂಟರ್ ಅಪರಾಧಕ್ಕೆಂದೇ ಕಾನೂನು ಇನ್ನೂ ಬಂದಿರಲಿಲ್ಲ. ಸಾಕ್ಷ್ಯನಾಶದ ಕಲಂ ಹಾಕಿ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ ನಡೆಯಿತು.

“ಕೊಟ್ಟೂರೇಶನ ಮೇಲ್ ಬಂತಾ?”

“ಇಲ್ಲ.”

“ಬಂದಿದ್ರೆ ಕ್ರೇನ್ ನಿಲ್ಲಿಸ್ತಿದ್ರಾ?”

ವಾಮದೇವಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ನಿಲ್ಲಿಸ್ತಿದ್ದೆ ಅಂದ್ರೆ ನಂಬ್ತೀರೇನು?”

“ನಂಬೋದು ನನ್ನ ಕೆಲಸ ಅಲ್ರಿ.”

ಹೊರಗೆ ಬಂದ ಓಬಯ್ಯ, “ಈ ಯಜಮಾನಂದೇ ಕೆಲಸ ಸಾರ್,” ಎಂದ. ಅಂಜನ್ ಕುಮಾರ್ ಅವರಿಗೂ ಹಾಗೇ ಅನ್ನಿಸಿತ್ತು.

ಕಂಪ್ಯೂಟರ್ ಕೋಣೆಯ ಹೊಣೆ ಪ್ರಶಾಂತನದು. ದಾವಣಗೆರೆಯ ವಿನೋಬನಗರದಿಂದ ದಿನವೂ ಬಸ್ಸಿನಲ್ಲಿ ಬರುವವನು. ಯಾರು ಬೇಕಾದರೂ ಪುಕ್ಕಟೆ ಪಡೆದು ಬಳಸಬಹುದಾದ ಲಿನಕ್ಸ್ ಹಾಕಿ ಮೇಲ್ ಸರ್ವರ್ ಕಟ್ಟಿದ್ದು ಅವನೇ. ಸರದಿಯ ಮೇಲೆ ಬಳಸುತ್ತಿದ್ದ ಐದು ಟೇಪುಗಳನ್ನು ಕೇಳುವ ಮೊದಲೇ ಮೇಜಿನ ಮೇಲೆ ಇಟ್ಟ.

ಅವನ್ನು ಪರೀಕ್ಷಿಸಲು ಪೊಲೀಸರು ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ ಕೃತಿಕಾ ಅವರನ್ನು ಜೀಪಿನಲ್ಲಿ ಕರೆತಂದಿದ್ದರು. ಐದರಲ್ಲೂ ಇದ್ದದ್ದು ಅಪಘಾತದ ನಂತರದ ನಕಲು. ಹಳೆಯದರ ಮೇಲೆ ಹೊಸದು ಬರೆದಾಗಿತ್ತು.

“ಹಳೇ ಟೇಪ್ ಸಿಕ್ಕಿದ್ರೂ ಉಪಯೋಗ ಇರ್ಲಿಲ್ಲ ಬಿಡ್ರಿ ಸಾರ್,” ಎಂದ ಪ್ರಶಾಂತ. “ಅದನ್ನ ವಾಪಸ್ ಹಾಕಿದ್ರೆ ಎಲ್ಲರ ಹೊಸ ಇ-ಮೇಲೂ ಅಳಿಸಿ ಹೋಗ್ತಾವೆ.”

ಕೃತಿಕಾ ಅವನತ್ತ ತಿರುಗಿದರು. “ಎಲ್ಲಾ ಯಾಕ ಹಾಕ್ಬೇಕು? ಒಬ್ಬೊಬ್ಬರ ಇ-ಮೇಲೂ ಅವರವರ ಹೆಸರಿನ ಬೇರೆ ಬೇರೆ ಫೈಲಿನಾಗೆ ಇರ್ತೈತೆ. ಬೇಕಾದ ಒಂದನ್ನ ಬೇರೆ ಜಾಗದಾಗೆ ಇಳಿಸಿ ನೋಡಿದ್ರಾತು. ನೀವೇ ಕಟ್ಟಿದ ಸರ್ವರ್, ಗೊತ್ತಿಲ್ಲೇನ್ರಿ?”

ಪ್ರಶಾಂತ ಮೇಜಿನ ಮೇಲಿನ ಟೇಪುಗಳನ್ನು ಮತ್ತೆ ಜೋಡಿಸತೊಡಗಿದ. ಅಂಜನ್ ಕುಮಾರ್ ಅದನ್ನು ಗಮನಿಸಿದರು. ಸರ್ವರಿನ ನೆತ್ತಿಯ ಮೇಲೆ ವಿಭೂತಿಯ ಮೂರು ಗೆರೆ ಇತ್ತು, ಒಣಗಿದ ಚೆಂಡುಹೂವಿತ್ತು.

“ಆಯುಧಪೂಜೆ ಜೋರಾಗಿ ಮಾಡೀರಿ.”

“ಹೌದು ಸಾರ್.”

“ನಮ್ಮ ಠಾಣೆಯಾಗೆ ರೈಫಲ್ ಇಡ್ತೀವಿ. ನಿಮ್ಮ ಫಿಟ್ಟರ್‌ಗಳು ಸ್ಪ್ಯಾನರ್ ಇಟ್ಟಿರ್ತಾರೆ. ನೀನೇನು ಇಟ್ಟೆ?”

ಪ್ರಶಾಂತನ ಕಣ್ಣು ಗೋಡೆಯ ದುರ್ಗಮ್ಮನ ಫೋಟೊ ಕಡೆ ಹೋಗಿ ಬಂತು. ಓಬಯ್ಯ ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದ. ಫೋಟೊ ಹಿಂದೆ ಬಾಡಿದ ಬಾಳೆ ಎಲೆಯ ತುಂಡಿನ ಮೇಲೆ ಆರನೆಯ ಟೇಪು ಇತ್ತು. ಅದರ ಡಬ್ಬಿಗೆ ಕುಂಕುಮ ಹಚ್ಚಿತ್ತು. ಮೇಲಿನ ಚೀಟಿಯಲ್ಲಿ ಅಕ್ಟೋಬರ್ 16, ಸಂಜೆ ಎಂದು ಬರೆದಿತ್ತು.

ಕಾರ್ಖಾನೆಯ ಇಬ್ಬರು ನೌಕರರನ್ನು ಪಂಚರನ್ನಾಗಿ ಕೂರಿಸಿ ಪಂಚನಾಮೆ ಬರೆಸಲಾಯಿತು. ಟೇಪಿನ ಮೇಲೆ ಹೊಸದೇನೂ ಬರೆಯದಂತೆ ಕೃತಿಕಾ ಅದರ ಬೆನ್ನಿನ ಸಣ್ಣ ತಡೆ ಸರಿಸಿದರು. ಸರ್ವರನ್ನು ಮುಟ್ಟದೆ ಬೇರೊಂದು ಯಂತ್ರದಲ್ಲಿ ಕೊಟ್ಟೂರೇಶನ ಪೆಟ್ಟಿಗೆಯೊಂದನ್ನೇ ಇಳಿಸಿದರು. ಟೇಪು ಗರಗರ ಎಂದು ಸುತ್ತತೊಡಗಿತು.

ಕಳಿಸಿದ ಪತ್ರಗಳ ಕೊನೆಯಲ್ಲಿ ಅದಿತ್ತು. ಇಂಗ್ಲಿಷಿನ ನಾಲ್ಕು ಸಾಲು. ಸರಪಳಿ ಬಿರುಕು ಬಿಟ್ಟಿದೆ, ಕ್ರೇನನ್ನು ಇವತ್ತೇ ನಿಲ್ಲಿಸಬೇಕು, ದಯವಿಟ್ಟು.

“ಯಜಮಾನ ಸಿಕ್ಕಿಬಿದ್ದ,” ಎಂದ ಓಬಯ್ಯ.

“ತಡಿ. ಮೇಡಂ, ಮ್ಯಾನೇಜರ್ ಪೆಟ್ಟಿಗೇನೂ ತೆಗೀರಿ.”

ವಾಮದೇವಪ್ಪನವರ ಪೆಟ್ಟಿಗೆಯಲ್ಲಿ ಶನಿವಾರ ಬೆಳಗಿನ ಬೇರೆ ಪತ್ರಗಳಿದ್ದವು. ಇದು ಇರಲಿಲ್ಲ.

“ಅವರೇ ಅಳಿಸಿರಬಹುದಲ್ಲ?” ಅಂಜನ್ ಕುಮಾರ್ ಕೇಳಿದರು.

“ಇರಬಹುದು,” ಎಂದರು ಕೃತಿಕಾ. ಟೇಪಿನಲ್ಲಿದ್ದ ಫೈಲುಗಳ ಪಟ್ಟಿಯನ್ನು ಮತ್ತೆ ಮೇಲಿಂದ ನೋಡುತ್ತ ಬಂದವರ ಕಣ್ಣು ಒಂದು ಹೆಸರಿನ ಮೇಲೆ ನಿಂತಿತು. ಇನ್ನೂ ತಲುಪಿಸಬೇಕಿದ್ದ ಪತ್ರಗಳ ಸಾಲನ್ನು ಯಾರೋ ಬೇರೆ ಹೆಸರಿನ ಫೋಲ್ಡರಿಗೆ ಸರಿಸಿದ್ದರು. ಕೊಟ್ಟೂರೇಶನ ನಾಲ್ಕು ಸಾಲು ಅಲ್ಲಿ ಕೂತಿತ್ತು. ಶನಿವಾರ ಹೊರಟ ಪತ್ರ ಮ್ಯಾನೇಜರನ್ನು ಮುಟ್ಟಿಯೇ ಇರಲಿಲ್ಲ.

“ಇದನ್ನ ಸರಿಸೋ ಅಧಿಕಾರ ಯಾರಿಗೈತೆ?”

“ಸರ್ವರ್ ನೋಡಿಕೊಳ್ಳೋರಿಗೆ ಮಾತ್ರ.”

ಪ್ರಶಾಂತ ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದ.

“ಡಿಸ್ಕ್ ತುಂಬಿ ಸರ್ವರ್ ನಿಂತ್ಹೋಗಿತ್ತು ಸಾರ್. ಸಾಲಿನಾಗೆ ಇದ್ದವನ್ನೆಲ್ಲ ಪಕ್ಕಕ್ಕೆ ಸರಿಸಿ ಚಾಲೂ ಮಾಡ್ದೆ. ಹಬ್ಬ ಮುಗಿಸಿಕೊಂಡು ಬಂದು ಕಳಿಸಿದ್ರಾತು ಅಂದ್ಕೊಂಡೆ. ಮರತೇಬಿಟ್ಟೆ.”

“ಯಾವಾಗ ನೆನಪಾತು?”

“ಉಚ್ಚೆಂಗಪ್ಪನ್ನ ಎತ್ತಿಕೊಂಡು ಹೋಗುವಾಗ.”

“ಆವಾಗಾದ್ರೂ ಹೇಳಬಹುದಿತ್ತು.”

“ಹೇಳಿದ್ರೆ ಕೊಂದೋನು ನಾನೇ ಆಗ್ತಿದ್ದೆ ಸಾರ್. ಅದಕ್ಕೇ ಅವರ ಪೆಟ್ಟಿಗೆ ಖಾಲಿ ಮಾಡ್ದೆ.”

“ಕೊಟ್ಟೂರೇಶ್ ಹೊಳೆಗೆ ಬೀಳಾಕೆ ಹೋಗಿದ್ದು ಗೊತ್ತೇನು?”

ಗೊತ್ತು ಎಂಬಂತೆ ತಲೆಯಾಡಿಸಿದ.

“ಐದು ಟೇಪ್ ಅಳಿಸಿದ್ಯಲ್ಲ, ಇದೊಂದು ಯಾಕ ಬಿಟ್ಟೆ?”

“ಎರಡು ಸಲ ಕೈಗೆ ತಗೊಂಡೆ. ಪೂಜೆ ಆಗಿತ್ತಲ್ಲ ಸಾರ್. ಬರೋ ವರ್ಷದ ಹಬ್ಬದ ತನಕ ಇದನ್ನ ಯಾರೂ ಮುಟ್ಟಬಾರ್ದು ಅಂತ ನಾನೇ ಎಲ್ಲರಿಗೂ ಹೇಳಿದ್ದೆ.”

ಸಂಜೆ ಐದಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಪ್ರೇರಣೆ ಏನೆಂದು ಬರೆಯಬೇಕಾದಲ್ಲಿ ಅಂಜನ್ ಕುಮಾರ್ ಹಣ, ದ್ವೇಷ ಎರಡನ್ನೂ ಬರೆಯಲಿಲ್ಲ. ಭಯ ಎಂದಷ್ಟೇ ಬರೆದು ಸಹಿ ಹಾಕಿದರು.

ಆ ಇ-ಮೇಲಿನ ಪ್ರತಿ ಹಿಡಿದು ಕೊಟ್ಟೂರೇಶನ ಮನೆಗೆ ಅವರೇ ಹೋದರು. ನಡೆದದ್ದನ್ನೆಲ್ಲ ಹೇಳಿದರು. ಅನ್ನಪೂರ್ಣಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಗಂಡನ ಕೈಯ ಗಂಟು ಬಿಚ್ಚತೊಡಗಿದರು.

ಕೊಟ್ಟೂರೇಶ್ ನಾಲ್ಕು ಸಾಲನ್ನೂ ಓದಿದ. ಮತ್ತೆ ಓದಿದ.

“ಇದು ಮುಟ್ಟಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ ಸಾರ್. ಉತ್ತರ ಬರ್ಲಿಲ್ಲ, ಸುಮ್ನಾದೆ. ಮ್ಯಾನೇಜರ್ ಕೋಣೆ ನನ್ನ ಮೇಜಿಂದ ಹತ್ತು ಹೆಜ್ಜೆ. ಎದ್ದು ಹೋಗಿ ಒಂದು ಮಾತು ಕೇಳಿದ್ರೆ ಉಚ್ಚೆಂಗಪ್ಪ ಉಳೀತಿದ್ನಲ್ಲ?”

ಅಂಜನ್ ಕುಮಾರ್ ಟೋಪಿ ಹಾಕಿಕೊಂಡು ಎದ್ದರು.

ಅನ್ನಪೂರ್ಣಮ್ಮ ಗಂಡನ ಮುಖ ನೋಡಿದರು. ಬಿಚ್ಚಿದ್ದ ಸೆರಗನ್ನು ಮತ್ತೆ ಅವನ ಕೈಗೆ ಸುತ್ತಿ ಗಂಟು ಹಾಕಿದರು.