ಕಲ್ಲುರಾಶಿಯ ಸಾಮ್ರಾಜ್ಯ

ಬಹಳ ಹಿಂದೆ, ಏಳು ನದಿಗಳಾಚೆ ತುಂಗಾವತಿಯೆಂಬ ಸಾಮ್ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದರೆ ತಂದೆ ಹೊಳೆಯಿಂದ ಒಂದು ಕಲ್ಲು ತಂದು ಅರಮನೆಯ ಮುಂದಿನ ರಾಶಿಗೆ ಹಾಕಬೇಕು. ಯಾರಾದರೂ ಸತ್ತರೆ ಅವರ ಮಕ್ಕಳು ಅವರ ಕಲ್ಲನ್ನು ಎತ್ತಿ ಮತ್ತೆ ಹೊಳೆಗೆ ಬಿಡಬೇಕು. ರಾಶಿ ನೋಡಿದರೆ ಸಾಕು, ಜನ ಎಷ್ಟಿದ್ದಾರೆಂದು ಗೊತ್ತಾಗುತ್ತಿತ್ತು.

ಒಮ್ಮೆ ಮಹಾಮಾರಿ ಬಂತು. ರಾಶಿ ಕರಗತೊಡಗಿತು. ಚಕ್ರವರ್ತಿ ವಿಕ್ರಮತುಂಗನಿಗೆ ಜನ ಸತ್ತ ದುಃಖಕ್ಕಿಂತ ಪಕ್ಕದ ರಾಜರು ನಗುತ್ತಾರಲ್ಲ ಎಂಬ ಸಂಕಟವೇ ದೊಡ್ಡದಾಯಿತು. ಆಗ ಕಾಳಭೂತಿಯೆಂಬ ಮಾಂತ್ರಿಕ ಬಂದು, "ಇನ್ನು ಯಾರೂ ಕಲ್ಲು ಎತ್ತಬಾರದೆಂದು ಡಂಗುರ ಹೊಡೆಸಿ ಪ್ರಭು. ಯಾರೂ ಹೋಗದ ಹಾಗೆ ನಾನು ನೋಡಿಕೊಳ್ಳುತ್ತೇನೆ" ಎಂದ.

ಅಂದಿನಿಂದ ಸತ್ತವರು ಹೋಗಲಿಲ್ಲ. ಸುಟ್ಟರೂ ಹೂಳಿದರೂ ಸಂಜೆಯೊಳಗೆ ಬಂದು ಮನೆಯ ಗೋಡೆಗೆ ಒರಗಿ ಕೂರುತ್ತಿದ್ದರು. ಅವರು ರೆಪ್ಪೆ ಬಡಿಯುತ್ತಿರಲಿಲ್ಲ. ಅವರಿಗೂ ಎಲೆ ಹಾಕಿ ಬಡಿಸಬೇಕಿತ್ತು, ಬಡಿಸಿದ ಅನ್ನ ನೋಡುನೋಡುತ್ತ ಬೂದಿಯಾಗುತ್ತಿತ್ತು. ಅದರ ಸಾರವೆಲ್ಲ ಕಾಳಭೂತಿಯ ಹೊಟ್ಟೆ ಸೇರುತ್ತಿತ್ತು. ಬದುಕಿದ್ದವರು ಅರೆಹೊಟ್ಟೆಯಲ್ಲಿ ಸೊರಗಿ ಸತ್ತು ಅದೇ ಗೋಡೆಗೆ ಒರಗುತ್ತಿದ್ದರು. ಹೀಗೆ ಮುನ್ನೂರು ವರ್ಷ ಕಳೆಯಿತು. ರಾಶಿ ಬೆಟ್ಟದಷ್ಟು, ಉಸಿರಾಡುವವರು ಬೆರಳೆಣಿಕೆಯಷ್ಟು. ಆದರೂ ಯಾರನ್ನೇ ಕೇಳಿ, "ಮನೆ ತುಂಬ ಜನ ಇದ್ದೀವಿ" ಎನ್ನುತ್ತಿದ್ದರು! ಸತ್ತವರನ್ನು 'ಇಲ್ಲ' ಎನ್ನುವುದು ಅಲ್ಲಿ ಮಹಾಪಾಪ.

ಆ ನಾಡಿನ ನೇಕಾರ ಬೀಚಣನ ಹೆಂಡತಿ ಮಾಚಲೆಗೆ ದಿನ ತುಂಬಿ ಎಷ್ಟೋ ಕಾಲವಾಗಿತ್ತು. ಹೆರಿಗೆಯೇ ಆಗಲಿಲ್ಲ. ಕಳೆದ ಸುಗ್ಗಿಯಲ್ಲಿ ತೀರಿಕೊಂಡ ಬೀಚಣನ ತಾಯಿ ಸೊಸೆಯ ಪಕ್ಕದಲ್ಲೇ ಕೂತು, ಹೊಟ್ಟೆಯ ಮೇಲೆ ತಣ್ಣನೆಯ ಕೈಯಿಟ್ಟುಕೊಂಡಿದ್ದಳು. ಮಾಚಲೆ ನಡುಗುತ್ತಿದ್ದಳು. ಕೈ ತೆಗಿ ಅತ್ತೆ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಸೂಲಗಿತ್ತಿ ಕಾಮಿಯಕ್ಕ ಬೀಚಣನನ್ನು ಹೊರಗೆ ಕರೆದಳು. "ತಮ್ಮಾ, ಹೋಗೋರು ಹೋಗದೆ ಬರೋರು ಎಲ್ಲಿಗೆ ಬರಬೇಕು? ಇನ್ನು ತಡ ಆದ್ರೆ ತಾಯೀನೂ ಉಳಿಯಲ್ಲ, ಕೂಸೂ ಉಳಿಯಲ್ಲ. ಹೋಗಿ ನಿಮ್ಮವ್ವನ ಕಲ್ಲು ಎತ್ತು. ದಾರೀಲಿ ಕೇಳಿದೋರಿಗೆ ಇದ್ದದ್ದು ಇದ್ದಹಾಗೆ ಹೇಳು."

ಬೀಚಣ ಹೊರಟ. ಊರ ಗಡಿಯಲ್ಲಿ ಕಲ್ಲಿನ ಹುಲಿ ಬಾಯಿ ತೆರೆಯಿತು. "ನಿನ್ನ ಮುತ್ತಜ್ಜ ಮನೆಯಲ್ಲಿದ್ದಾನೆಯೇ?"

"ಇದ್ದಾರೆ" ಎಂದ ಬೀಚಣ, ರೂಢಿಯಂತೆ. ತಕ್ಷಣ ದಾರಿ ತಿರುಗಿತು. ನೋಡಿದರೆ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಾನೆ! ಒಳಗೆ ಮಾಚಲೆ ನರಳುವುದು ಕೇಳಿಸಿತು. ಅವನು ಓಡುತ್ತ ಮರಳಿ ಬಂದು, "ಮುತ್ತಜ್ಜ ಇಲ್ಲ. ನಾನು ಅವರನ್ನು ಬದುಕಿದ್ದಾಗ ಕಂಡೇ ಇಲ್ಲ" ಎಂದ. ಹುಲಿ ದಾರಿ ಬಿಟ್ಟಿತು.

ಹೊಳೆಯಲ್ಲಿ ಕಂಚಿನ ಮೊಸಳೆ ತಲೆಯೆತ್ತಿತು. "ನಿನ್ನ ಅಪ್ಪ ಮನೆಯಲ್ಲಿದ್ದಾನೆಯೇ?"

ಮಗ್ಗದ ಮುಂದೆ ಕೈಹಿಡಿದು ಕಲಿಸಿದ ಅಪ್ಪ. ಬೀಚಣನ ಕಣ್ಣು ಮಂಜಾಯಿತು. "ಇಲ್ಲ" ಎಂದ. ಮೊಸಳೆ ಬೆನ್ನು ಕೊಟ್ಟು ದಾಟಿಸಿತು.

ಕೋಟೆಯ ಬಾಗಿಲಲ್ಲಿ ಗಂಡಭೇರುಂಡ ಎರಡೂ ಕೊಕ್ಕಿನಿಂದ ಕೇಳಿತು. "ನಿನ್ನ ಅವ್ವ ಮನೆಯಲ್ಲಿದ್ದಾಳೆಯೇ?"

ಬೀಚಣ ಬಂದ ದಾರಿಯತ್ತ ತಿರುಗಿ ನೋಡಿದ. ಹಕ್ಕಿ ಮತ್ತೆ ಕೇಳಿತು. "ಇಲ್ಲ" ಎಂದು ಅವನು ಹೇಳಿದ್ದು ಅವನ ಕಿವಿಗೇ ಕೇಳಿಸಲಿಲ್ಲ. ಬಾಗಿಲು ತೆರೆಯಿತು.

ರಾಶಿಯ ಮೇಲೆ ಹೊಟ್ಟೆ ಹರಡಿಕೊಂಡು ಕಾಳಭೂತಿ ಕೂತಿದ್ದ. "ಹೆತ್ತವಳನ್ನು ಕೈಯಾರೆ ನೂಕುತ್ತೀಯೇನೋ?" ಎಂದು ನಕ್ಕ. ಬೀಚಣ ಕಲ್ಲುಗಳನ್ನು ತಡವಿದ. ಬೇರೆಯವರ ಕಲ್ಲು ಒಂದೂ ಮಿಸುಕಲಿಲ್ಲ. ಅವ್ವನ ಕಲ್ಲು ತಾನಾಗಿ ಅಂಗೈಗೆ ಬಂತು. ಹಿಂದೆಯೇ ಅವ್ವ ಬಂದು ನಿಂತಿದ್ದಳು.

"ಮಗಾ, ಗಂಡೋ ಹೆಣ್ಣೋ ನೋಡ್ಕೊಂಡು ಹೋಗ್ತೀನಿ ಕಣೋ. ಒಂದು ಗಳಿಗೆ ತಡಿ."

"ನೀನು ಇರೋತನಕ ಅದು ಬರೋದಿಲ್ಲವ್ವಾ."

ಅವ್ವ ತನ್ನ ತಣ್ಣನೆಯ ಕೈಯನ್ನೇ ನೋಡಿಕೊಂಡಳು. "ಅಯ್ಯೋ, ನಾನೇ ತಡೆದಿದ್ನಾ? ಮೊದಲೇ ಹೇಳೋದಲ್ವೇನೋ? ಹೆಣ್ಣಾದ್ರೆ ನನ್ನ ಹೆಸರು ಇಡಬೇಡ. ಅದಕ್ಕೆ ಅದರದ್ದೇ ಹೆಸರಿರಲಿ. ನಡಿ, ಬಿಟ್ಟುಬಾ."

ಕಲ್ಲು ಹೊಳೆಗೆ ಬಿತ್ತು. ತಿರುಗಿ ನೋಡಿದರೆ ಅವ್ವ ಇರಲಿಲ್ಲ. ಬೀಚಣ ಅಪ್ಪನ ಕಲ್ಲನ್ನೂ ಮುತ್ತಜ್ಜನ ಕಲ್ಲನ್ನೂ ಬಿಟ್ಟ. ಅದನ್ನು ಕಂಡು ಊರೂರಿನಿಂದ ಜನ ಬಂದರು, ತಮ್ಮ ತಮ್ಮವರ ಕಲ್ಲುಗಳನ್ನು ಹೊತ್ತರು. ಒಂದೊಂದು ಕಲ್ಲಿಗೂ ಕಾಳಭೂತಿಯ ಹೊಟ್ಟೆ ಇಳಿಯುತ್ತ ಹೋಗಿ, ಕೊನೆಗೆ ಅವನು ಖಾಲಿ ಗೋಣಿಚೀಲದಂತೆ ಕುಸಿದ. ಸಿಂಹಾಸನದ ಮೇಲೆ ಕೂತಿದ್ದ ವಿಕ್ರಮತುಂಗ ಸತ್ತೇ ಮುನ್ನೂರು ವರ್ಷವಾಗುತ್ತ ಬಂದಿತ್ತು. ಅವನ ಕಲ್ಲು ಎತ್ತಲು ವಂಶದಲ್ಲಿ ಯಾರೂ ಉಳಿದಿರಲಿಲ್ಲ. ಪಾಪ, ಊರವರೇ ಕೂಡಿ ಎತ್ತಿದರು.

ಆಮೇಲೆ ಬಯಲಲ್ಲಿ ನಿಂತು ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ದೊಡ್ಡ ಸಾಮ್ರಾಜ್ಯ ಒಂದು ಹುಣಸೆಮರದ ನೆರಳಿನಲ್ಲಿ ಹಿಡಿಸಿತು. ಪಾಳುಬಿದ್ದ ಊರುಗಳನ್ನು ಬಿಟ್ಟು ಅವರೆಲ್ಲ ಒಂದೇ ಊರಾದರು. ಹೊಟ್ಟೆ ತುಂಬ ಉಂಡರು, ಹೆತ್ತರು, ಬೆಳೆಸಿದರು, ತಲೆಮಾರು ತಲೆಮಾರು ಚೆನ್ನಾಗಿ ಬಾಳಿದರು.

ಅವ್ವನ ಕಲ್ಲು ಬಿಟ್ಟ ಆ ದಿನ ಬೀಚಣ ಮನೆಗೆ ಓಡಿದಾಗ ಕಾಮಿಯಕ್ಕ ಹೆಣ್ಣುಕೂಸನ್ನು ಅವನ ಕೈಗಿತ್ತಳು. ಮಾಚಲೆ ದಣಿದು ಮಲಗಿದಲ್ಲೇ ನಗುತ್ತಿದ್ದಳು. ಕೂಸು ಕಿಟಾರನೆ ಅತ್ತಿತು. ಅದರ ಜೊತೆ ಬೀಚಣನೂ ಅವ್ವಾ ಎಂದು ಬಿಕ್ಕಿ ಬಿಕ್ಕಿ ಅತ್ತ. ಸತ್ತವರಿಗಾಗಿ ಅಳುವುದನ್ನು ಆ ನಾಡು ಮುನ್ನೂರು ವರ್ಷಗಳಲ್ಲಿ ಅಂದೇ ಮೊದಲು ಕೇಳಿದ್ದು.