ಬಾಮೈದನ ಕೀಲಿ

ಹನ್ನೊಂದು ವರ್ಷ ಬೀಗ ಕಾದ ಪರೀಕ್ಷಕನನ್ನು ಬಿಟ್ಟು, ಬೀಗ ಯಾವುದು ಕೀಲಿ ಯಾವುದೆಂದು ತಿಳಿಯದ ತಮ್ಮ ಬಾಮೈದನನ್ನು ಯಜಮಾನರು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದರು. ಪಂಪು ತಯಾರಿಸುವ ಆ ಕಂಪನಿಯಲ್ಲಿ ನಕ್ಷೆ, ಪತ್ರಗಳೆಲ್ಲ ಗೂಢಲಿಪಿಯಲ್ಲೇ ಓಡಾಡುತ್ತಿದ್ದವು. ಪತ್ರ ತೆರೆಯಲೂ ಸಹಿ ಹಾಕಲೂ ಒಬ್ಬೊಬ್ಬರಿಗೂ ಒಂದು ಡಿಜಿಟಲ್ ಕೀಲಿ. ಅದು ಯಾವ ಸಾಫ್ಟ್‌ವೇರಿನ ಜೊತೆ ಹೊಂದುತ್ತದೆ, ಯಾವುದರ ಜೊತೆ ಮುನಿಸಿಕೊಳ್ಳುತ್ತದೆ ಎಂದು ನೋಡುವುದೇ ಪರೀಕ್ಷಕನ ಕೆಲಸ. ಬಾಮೈದನ ಮೇಲೆ ಹೊಟ್ಟೆಕಿಚ್ಚು ಹೊತ್ತಿಕೊಂಡ ಮೇಲೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಊಟ ಮಾಡುವಾಗ್ಲಾದ್ರೂ ಕಾಲು ಕುಣಿಸೋದು ನಿಲ್ಸಿ,” ಎಂದಳು ಹೆಂಡತಿ. “ಮೇಜೆಲ್ಲ ಅಲ್ಲಾಡ್ತಿದೆ.”

ಬಾಮೈದನಿಗೆ ಕೀಲಿ ಮಾಡಿಕೊಟ್ಟವನು ಪರೀಕ್ಷಕನೇ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಹಾಯುವಂತೆ ಸಹಿ ಮಾಡಿ ಕೊಡುವುದು ನಿಯಮ. ಹಾಗೇ ಕೊಟ್ಟಿದ್ದ. ತನ್ನ ಬಳಿಯ ಕೀಲಿ, ಪಾಸ್‌ವರ್ಡುಗಳ ಪ್ರತಿಯನ್ನು ಅಳಿಸಬೇಕೆಂಬುದೂ ನಿಯಮವೇ. ಅದೊಂದನ್ನು ಮಾತ್ರ ಪಾಲಿಸಿರಲಿಲ್ಲ.

ಉಪಾಯ ಸರಳ. ಹೊಸ ಪಂಪಿನ ನಕ್ಷೆ ಮಾರುತ್ತೇನೆಂದು ಎದುರಾಳಿ ಕಂಪನಿಗೆ ಒಂದು ಪತ್ರ, ಕೆಳಗೆ ಬಾಮೈದನ ಡಿಜಿಟಲ್ ಸಹಿ. ವಿಳಾಸದಲ್ಲಿ ಒಂದಕ್ಷರ ತಪ್ಪಿಸಿದರೆ ಪತ್ರ ಕಚೇರಿಗೇ ವಾಪಸಾಗುತ್ತದೆ; ವಾಪಸಾದ ಇ-ಮೇಲೆಲ್ಲ ಮೊದಲು ಯಜಮಾನರ ಕಣ್ಣಿಗೇ ಬೀಳುತ್ತದೆ. ಕೀಲಿ, ಪಾಸ್‌ವರ್ಡ್ ಎರಡೂ ಇದ್ದವನಿಗಷ್ಟೇ ಆ ಸಹಿ ಸಾಧ್ಯ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆದರೆ ಸಹಿ ಪರೀಕ್ಷಿಸಲು ಯಜಮಾನರ ಸಾಫ್ಟ್‌ವೇರ್ ಒಂದು, ಕಂಪನಿಯ ವಕೀಲರದು ಇನ್ನೊಂದು, ಹೊರಗಿನ ತಜ್ಞರದು ಮತ್ತೊಂದು. ಒಂದರಲ್ಲಿ ಸಹಿ ತಿರಸ್ಕೃತವಾದರೂ ಅನುಮಾನ ಹುಟ್ಟುತ್ತದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪರೀಕ್ಷೆಗೆ ಕೂತ. ಮೊದಲನೆಯದು ಒಪ್ಪಿತು. ವಕೀಲರ ಹಳೇ ಸಾಫ್ಟ್‌ವೇರ್ ಕೀಲಿಯ ಗುರುತೇ ಇಲ್ಲವೆಂದಿತು. ಎದ್ದು ನೀರು ಕುಡಿದ, ಕಿಟಕಿ ತೆರೆದ, ಮತ್ತೆ ಮುಚ್ಚಿದ. ಕೀಲಿಯನ್ನು ಹಳೇ ಮಾದರಿಗೆ ಬದಲಿಸಲು ಮೂರು ಮಧ್ಯಾಹ್ನ ಹಿಡಿಯಿತು. ನಾಲ್ಕನೆಯ ದಿನ ಮೂರರಲ್ಲೂ ಹಸಿರು ಗುರುತು ಬಂತು. ಇಷ್ಟು ಚೊಕ್ಕ ಕೆಲಸವನ್ನು ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಸರವಾಯಿತು.

ಪತ್ರ ಹೋಯಿತು, ವಾಪಸು ಬಂತು. ಮಾರನೆಯ ಬೆಳಿಗ್ಗೆ ಯಜಮಾನರು ಇಬ್ಬರನ್ನೂ ಕರೆಸಿದರು.

“ಸಹಿ ಇವನದೇನಾ?” ಎಂದು ಪರೀಕ್ಷಕನನ್ನು ಕೇಳಿದರು.

“ಮೂರು ಸಾಫ್ಟ್‌ವೇರಲ್ಲೂ ನೋಡಿದೆ ಸರ್,” ಎಂದ ಪರೀಕ್ಷಕ, ಆದಷ್ಟು ದುಃಖದಿಂದ. “ಅನುಮಾನಕ್ಕೆ ಜಾಗ ಇಲ್ಲ. ಪಾಸ್‌ವರ್ಡ್ ಗೊತ್ತಿಲ್ದೆ ಯಾರಿಗೂ ಆಗಲ್ಲ.”

ಬಾಮೈದ ಮುಖ ಕೆಂಪಗೆ ಮಾಡಿಕೊಂಡು ತನ್ನ ಕೋಣೆಗೆ ಹೋಗಿ, ಡ್ರಾಯರಿನಿಂದ ಏನೋ ತಂದು ಮೇಜಿನ ಮೇಲಿಟ್ಟ. “ಬಯ್ಯಬೇಡಿ ಭಾವ. ಈ ಕೀಲಿ ಗೀಲಿ ನನ್ನ ತಲೆಗೇ ಹೋಗಲ್ಲ, ಕೇಳೋಕೂ ನಾಚಿಕೆ. ಅದಕ್ಕೇ ಬಂದ ಪತ್ರನೆಲ್ಲ ನಿಮ್ಮ ಹತ್ರಾನೇ ಓದಿಸ್ಕೋತಿದ್ದೆ.” ಯಜಮಾನರು ಆ ಲಕೋಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಚೀಟಿ ಒಳಗೇ ಇತ್ತು. ಅಂಟು ಬಿಟ್ಟಿರಲಿಲ್ಲ, ಅದರ ಮೇಲೆ ಹಾಯ್ದಿದ್ದ ಪರೀಕ್ಷಕನ ನೀಲಿ ಶಾಯಿಯ ಸಹಿ ಒಂದು ಗೆರೆಯೂ ಮುಕ್ಕಾಗದೆ ಹಾಗೇ ಇತ್ತು.